288 ಚದರ ಅಡಿ, ಒಂದೇ ಕಿಟಕಿ: ಬೆಳಕು ಒಳಗಿನ ತನಕ ಬರಬೇಕು, ಜಾಗವೂ ಉಳಿಯಬೇಕು

ಒಂದೇಕಿಟಕಿ

ನಮಸ್ಕಾರ ಎಲ್ಲರಿಗೂ. ಒಂದು ಸ್ಟುಡಿಯೋ ಮನೆ ಕೈಗೆ ಬಂದಿದೆ. ಗೋಡೆ, ನೆಲ, ಪೈಪು ಎಲ್ಲ ಮುಗಿದಿದೆ, ಒಳಗೆ ಪೂರ್ತಿ ಖಾಲಿ. ಮರಗೆಲಸದವರಿಗೆ ಹೇಳುವ ಮೊದಲು ಇಲ್ಲಿ ಕೇಳೋಣ ಅನಿಸಿತು.

ಅಗಲ 12 ಅಡಿ, ಉದ್ದ 24 ಅಡಿ. ಸೀಲಿಂಗ್ ಎತ್ತರ ಒಂಬತ್ತೂವರೆ ಅಡಿ. ಉದ್ದದ ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ಕಿಟಕಿ. ಕಿಟಕಿ 5 ಅಡಿ ಅಗಲ ಇದೆ. ನೆಲದಿಂದ 3 ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ. ಬಾಗಿಲಿಂದ ಒಳಗೆ ಬಂದ ತಕ್ಷಣ ಎಡಕ್ಕೆ ಬಾತ್‌ರೂಮ್. ಗೋಡೆ ಸೇರಿ ಐದೂವರೆ ಅಡಿ ಅಗಲ, 8 ಅಡಿ ಉದ್ದ. ಅದರ ಎದುರು, ಬಲಗಡೆ ಗೋಡೆಯಲ್ಲಿ ಅಡುಗೆಕಟ್ಟೆಗೆ ನೀರಿನ ಪೈಪು ಕೊಟ್ಟಿದ್ದಾರೆ. ಇದೆಲ್ಲ ಕಳೆದು ಉಳಿಯುವುದು 12 ಅಡಿ ಅಗಲ, 16 ಅಡಿ ಉದ್ದದ ಒಂದು ಜಾಗ.

ಇರುವವರು ಇಬ್ಬರು. ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತೇವೆ. ಮಂಚ, ಕೆಲಸದ ಮೇಜು, ಬಟ್ಟೆ ಕಪಾಟು ಬೇಕೇ ಬೇಕು. ನಾಲ್ಕು ಜನ ಬಂದರೆ ಕೂರಲು ಜಾಗ ಬೇಕು. ಮಲಗುವ ಕಡೆ ಸ್ವಲ್ಪ ಮರೆ ಬೇಕು. ಸೀಲಿಂಗ್‌ವರೆಗೆ ಒಂದು ಕಪಾಟನ್ನೇ ಗೋಡೆ ಥರ ಮಧ್ಯದಲ್ಲಿ ನಿಲ್ಲಿಸಿ, ಕಿಟಕಿ ಕಡೆಗೆ ಮಂಚ ಹಾಕಬೇಕು ಅಂತ ನನ್ನ ಯೋಚನೆ. ಸರಿಯಾಗುತ್ತಾ?

ಗೆರೆಕಾಗದ

ಮಧ್ಯದ ಕಪಾಟು ಬೇಡ. ದಯವಿಟ್ಟು ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದೇ ಕಡೆ ಕಿಟಕಿ ಇರುವ ಕೋಣೆಯಲ್ಲಿ ಹಗಲಿನ ಬೆಳಕು ಎಷ್ಟು ದೂರ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಹಳೆಯ ಅಂದಾಜು ಒಂದಿದೆ. ಕಿಟಕಿಯ ಮೇಲಂಚಿನ ಎತ್ತರದ ಒಂದೂವರೆಯಿಂದ ಎರಡು ಪಟ್ಟು. ನಿಮ್ಮದು 7 ಅಡಿ. ಅಂದರೆ ಹತ್ತೂವರೆಯಿಂದ 14 ಅಡಿ. ಅದರಾಚೆ ಹಗಲಲ್ಲೂ ದೀಪ ಬೇಕು. ನಿಮ್ಮ ಮುಖ್ಯ ಜಾಗ 16 ಅಡಿ ಉದ್ದ ಇದೆ. ಅಡ್ಡ ಏನೂ ಇಲ್ಲದಿದ್ದರೆ ಹೆಚ್ಚುಕಮ್ಮಿ ಪೂರ್ತಿ ಕೋಣೆ ಹಗಲಿನ ಬೆಳಕಲ್ಲೇ ನಡೆಯುತ್ತದೆ. 8 ಅಡಿಗೆ ಒಂದು ಎತ್ತರದ ಕಪಾಟು ನಿಲ್ಲಿಸಿದಿರೋ, ಅರ್ಧ ಮನೆಗೆ ಹಗಲೇ ಇರುವುದಿಲ್ಲ.

ಕಿಟಕಿಯ ಮೇಲಿನ ಭಾಗ ತುಂಬಾ ಮುಖ್ಯ. ಮೋಡ ಪೂರ್ತಿ ಕವಿದ ದಿನ ನೆತ್ತಿಯ ಮೇಲಿನ ಆಕಾಶ ದಿಗಂತದ ಹತ್ತಿರದ ಆಕಾಶಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಬೆಳಗಿರುತ್ತದೆ. ಆ ಎತ್ತರದ ಆಕಾಶ ಕಾಣಿಸುವುದು ಗಾಜಿನ ಮೇಲಿನ ಒಂದೆರಡು ಅಡಿಯಿಂದ. ಕೋಣೆಯ ಆಳಕ್ಕೆ ಬೆಳಕು ಕಳಿಸುವುದೂ ಅದೇ ಭಾಗ. ಹಾಗಾಗಿ ಅಲ್ಲಿ ಪೆಲ್ಮೆಟ್ (ಪರದೆ ಕಂಬಿಯನ್ನು ಮರೆಮಾಡುವ ಪಟ್ಟಿ), ಸುತ್ತಿಟ್ಟ ಬ್ಲೈಂಡ್, ತೂಗುವ ಗಿಡ ಯಾವುದೂ ಬರಬಾರದು.

ಸಣ್ಣ ಮನೆಗೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕಿಟಕಿಯಿಂದ ಬಾಗಿಲ ಕಡೆಗೆ ಹೋದ ಹಾಗೆ ಸಾಮಾನಿನ ಎತ್ತರ ಏರಬೇಕು. ಕಿಟಕಿಯಿಂದ ಮೊದಲ 5 ಅಡಿಯಲ್ಲಿ ನೆಲದ ಮೇಲೆ 3 ಅಡಿಗಿಂತ ಎತ್ತರದ್ದು ಯಾವುದೂ ಬೇಡ. ಆಮೇಲೆ 4 ಅಡಿ ಎತ್ತರದವರೆಗೆ ಪರವಾಗಿಲ್ಲ. ಸೀಲಿಂಗ್ ಮುಟ್ಟುವ ಕಪಾಟು ಬಾತ್‌ರೂಮಿನ ಹೊರಗೋಡೆಗೆ, ಕಿಟಕಿಗೆ ಎದುರಾಗಿ ನಿಲ್ಲಲಿ. ಅದಕ್ಕೆ ಬಿಳಿ ಲ್ಯಾಮಿನೇಟ್ ಹಾಕಿದರೆ ಬಂದ ಬೆಳಕನ್ನು ಅದೇ ವಾಪಸ್ ಕೋಣೆಗೆ ಕೊಡುತ್ತದೆ.

ನಿಮ್ಮ ಅಳತೆಗೆ ಇದನ್ನು ಕೂರಿಸಿ ನೋಡಿದೆ. ಬಾತ್‌ರೂಮ್ ಹೊರಗೋಡೆಗೆ 2 ಅಡಿ ಆಳದ ಕಪಾಟು. ಅದರ ಮುಂದೆ 3 ಅಡಿ ಓಡಾಡುವ ಜಾಗ. ಆಮೇಲೆ ಮಂಚ, ತಲೆ ಎಡಗೋಡೆಗೆ, ಕಾಲು ಬಲಗೋಡೆ ಕಡೆಗೆ. 5 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ ಅಂತ ಇಟ್ಟುಕೊಂಡರೆ ಕಾಲ ಕಡೆ ಐದೂವರೆ ಅಡಿ ಬಿಡುವು ಉಳಿಯುತ್ತದೆ. ಮಂಚಕ್ಕೆ ಅಂಟಿಕೊಂಡು ಕಿಟಕಿ ಕಡೆಗೆ ಒಂದಡಿ ಆಳ, 4 ಅಡಿ ಎತ್ತರದ ಶೆಲ್ಫ್. ಅದರಾಚೆಯ 5 ಅಡಿ, ಇಡೀ 12 ಅಡಿ ಅಗಲಕ್ಕೆ, ಕೂರುವ ಮತ್ತು ಕೆಲಸದ ಜಾಗ. ಕೂರಲು ಕಿಟಕಿ ಕೆಳಗೆ ಎಡಗಡೆಗೆ ಒಂದು ಬೆಂಚು.

ಒಂದೇಕಿಟಕಿ

ಕೋಣೆಯ ಒಳಗಡೆಗೆ ಮಂಚ ಅಂದಾಗ ಸ್ವಲ್ಪ ಬೇಜಾರಾಯಿತು. ಬೆಳಗ್ಗೆ ಕಿಟಕಿ ಪಕ್ಕ ಏಳುವ ಆಸೆ ಇತ್ತು. ಮತ್ತೆ 4 ಅಡಿ ಶೆಲ್ಫ್ ಮರೆ ಆಗುತ್ತಾ?

ಇಬ್ಬರುಒಂದುಕೋಣೆ

ನಾವೂ ಇಬ್ಬರು, ನಾವೂ ಒಂದೇ ಕೋಣೆ. ಮಂಚ ಕಿಟಕಿ ಪಕ್ಕ ಇದ್ದರೆ ಎಷ್ಟು ಖುಷಿ ಅಂತ ನನಗೆ ಗೊತ್ತು. ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಒಬ್ಬರು ಮನೆಯಿಂದ ಕೆಲಸ ಮಾಡುವವರು ಅಂದಿರಿ. ಎದ್ದಿರುವ ಅಷ್ಟೂ ಹೊತ್ತು ಮೇಜಿನ ಮುಂದೆ. ಮಂಚದ ಮೇಲೆ ಕಣ್ಣು ಮುಚ್ಚಿರುವಾಗ ಬೆಳಕು ಯಾರಿಗೆ ಬೇಕು? ಮನೆಯ ಒಳ್ಳೆಯ ಬೆಳಕು ಎದ್ದಿರುವವರಿಗೆ ಸಿಗಲಿ.

4 ಅಡಿ ಸಾಕು. ಕೂತವರ ಕಣ್ಣು ಸುಮಾರು 4 ಅಡಿಯ ಮಟ್ಟಕ್ಕೆ ಬರುತ್ತದೆ. ಬಂದವರು ಕೂತಿದ್ದರೆ ಅವರಿಗೆ ಮಂಚ ಕಾಣುವುದಿಲ್ಲ. ನಿಂತಾಗ ನಿಮಗೆ ಇಡೀ ಕೋಣೆ ಕಾಣುತ್ತದೆ, ಸೀಲಿಂಗ್ ಎಲ್ಲೂ ತುಂಡಾಗುವುದಿಲ್ಲ. ಕೋಣೆ ದೊಡ್ಡದು ಅನಿಸುವುದು ಮುಖ್ಯವಾಗಿ ಅದರಿಂದ.

ಆದರೆ ನಿದ್ದೆಯ ಹೊತ್ತು ಇಬ್ಬರದ್ದೂ ಬೇರೆ ಬೇರೆ ಆಗಿದ್ದರೆ ಶೆಲ್ಫ್ ಒಂದೇ ಸಾಲದು. ಸೀಲಿಂಗ್‌ಗೆ ಒಂದು ಪರದೆ ಟ್ರ್ಯಾಕ್ ಹಾಕಿಸಿ. ಮಂಚದ ಎರಡು ಬದಿ ಸುತ್ತಿ ಬರುವಂತೆ ಬಾಗಿದ ಟ್ರ್ಯಾಕ್ ಸಿಗುತ್ತದೆ. ದಪ್ಪ ಬಟ್ಟೆಯ ಪರದೆ. ರಾತ್ರಿ ಒಬ್ಬರು ಓದುತ್ತಿದ್ದರೆ ಎಳೆದುಬಿಡಿ, ಹಗಲಲ್ಲಿ ತಲೆ ಕಡೆ ಗೋಡೆಗೆ ತಳ್ಳಿ. ಇದು ನಮ್ಮನ್ನು ಎಷ್ಟೋ ಸಣ್ಣ ಜಗಳದಿಂದ ಉಳಿಸಿದೆ.

ಮರದಧೂಳು

ಗೆರೆಕಾಗದ ಅವರ ಪ್ಲ್ಯಾನ್ ಮರಗೆಲಸಕ್ಕೆ ಅನುಕೂಲವಾಗಿದೆ. ನನ್ನ ಕಡೆಯಿಂದ ಕೆಲವು ಮಾತು.

ಕಪಾಟಿಗೆ ಸ್ಲೈಡಿಂಗ್ ಶಟರ್ ಅಂತ ಎಲ್ಲರೂ ಕೇಳುತ್ತಾರೆ, ಜಾಗ ಉಳಿಯುತ್ತೆ ಅಂತ. ಇಲ್ಲಿ ನಾನು ಬೇಡ ಅನ್ನುತ್ತೇನೆ. ಸ್ಲೈಡಿಂಗ್‌ನಲ್ಲಿ ಒಂದು ಸಲಕ್ಕೆ ಅರ್ಧ ಕಪಾಟು ಮಾತ್ರ ತೆರೆಯುತ್ತದೆ. ಶಟರ್ ಒಂದರ ಹಿಂದೆ ಒಂದು ಓಡುವುದರಿಂದ ಆಳವೂ ಒಂದೆರಡು ಇಂಚು ಜಾಸ್ತಿ ಬೇಕು. ನಿಮ್ಮ ಕಪಾಟು 66 ಇಂಚು ಅಗಲ. ನಾಲ್ಕು ಶಟರ್ ಮಾಡಿದರೆ ಒಂದೊಂದು ಹದಿನಾರೂವರೆ ಇಂಚು. ಮುಂದೆ 36 ಇಂಚು ಜಾಗ ಇದೆ. ಶಟರ್ ತೆರೆದು ಎದುರಿಗೆ ನಿಂತರೂ ಮಂಚ ಮೊಣಕಾಲಿಗೆ ತಾಗುವುದಿಲ್ಲ. ಹಿಂಜ್ ಹಾಕಿದ ಸಣ್ಣ ಶಟರೇ ಸರಿ.

ಮಂಚದ ಕೆಳಗೆ ಡ್ರಾಯರ್ ಬೇಡ, ಮೇಲೆತ್ತುವ ಹೈಡ್ರಾಲಿಕ್ ಮಾಡಿಸಿ. ಡ್ರಾಯರ್ ಪೂರ್ತಿ ಎಳೆಯಲು 18 ಇಂಚು, ಅದರ ಮುಂದೆ ಬಗ್ಗಲು ಇನ್ನೂ ಅಷ್ಟೇ ಬೇಕು. ಅಲ್ಲಿಗೆ ಆ 36 ಇಂಚೂ ಮುಗಿಯಿತು. ಒಬ್ಬರು ಡ್ರಾಯರ್ ತೆರೆದರೆ ಇನ್ನೊಬ್ಬರು ಕಪಾಟಿಗೆ ಹೋಗುವಂತಿಲ್ಲ. ಹೈಡ್ರಾಲಿಕ್ ಮಂಚದಲ್ಲಿ ಅಪರೂಪಕ್ಕೆ ಬೇಕಾಗುವುದನ್ನು ಇಡಿ: ಕಂಬಳಿ, ಸೂಟ್‌ಕೇಸ್. ಒಂದು ಎಚ್ಚರಿಕೆ. ಹಾಸಿಗೆಯ ತೂಕ ಹೇಳಿಯೇ ಮಂಚ ಎತ್ತಿ ಹಿಡಿಯುವ ಪಿಸ್ಟನ್ ತೆಗೆದುಕೊಳ್ಳಬೇಕು. ತೂಕಕ್ಕೆ ಕಡಿಮೆ ಬಲದ್ದು ಹಾಕಿದರೆ ಎತ್ತಿದ್ದು ನಿಲ್ಲುವುದಿಲ್ಲ, ಕೈ ಸಿಕ್ಕಿಕೊಳ್ಳುತ್ತದೆ. ಜಾಸ್ತಿ ಬಲದ್ದಾದರೆ ಖಾಲಿ ಮಂಚ ಮುಚ್ಚುವುದೇ ಇಲ್ಲ.

ಶೆಲ್ಫ್ ಹಲಗೆ 18 ಮಿ.ಮೀ. ಪ್ಲೈವುಡ್ ಆದರೆ ಎರಡೂವರೆ ಅಡಿಗೊಂದು ಆಧಾರ ಕೊಡಿ. ಪುಸ್ತಕದ ಭಾರಕ್ಕೆ ಉದ್ದ ಹಲಗೆ ಬಾಗುತ್ತದೆ.

ಆ ಶೆಲ್ಫಿನ ಬೆನ್ನು, ಅಂದರೆ ಕಿಟಕಿ ಕಡೆಯ ಮುಖ, ಸುಮ್ನೆ ಬಿಡಬೇಡಿ. ಅಲ್ಲಿ 30 ಇಂಚು ಎತ್ತರಕ್ಕೆ ಮಡಚುವ ಮೇಜು ಕೂರಿಸಬಹುದು. ಊಟಕ್ಕೆ ಎತ್ತಿದರೆ ಮೇಜು, ಇಳಿಸಿದರೆ ಹಲಗೆ.

ಮಂದಬೆಳಕು

ಬಣ್ಣದ ಬಗ್ಗೆ ಯಾರೂ ಮಾತಾಡಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಾನು ದೀಪದ ಕೆಲಸದವನು. ಆದರೆ ದೀಪಕ್ಕಿಂತ ಮೊದಲು ಬಣ್ಣ.

ಕಿಟಕಿಯಿಂದ ಬಂದ ಬೆಳಕು ನೇರವಾಗಿ ಕೋಣೆಯ ಹಿಂಬದಿಗೆ ಹೋಗುವುದು ಕಡಿಮೆ. ನೆಲಕ್ಕೆ ಬಿದ್ದು, ಸೀಲಿಂಗ್‌ಗೆ ಹಾರಿ, ಗೋಡೆಗೆ ತಾಗಿ, ಹೀಗೆ ಪುಟಿಯುತ್ತಾ ಹೋಗುತ್ತದೆ. ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 80 ಅಥವಾ ಇನ್ನೂ ಸ್ವಲ್ಪ ಜಾಸ್ತಿ ವಾಪಸ್ ಕೊಡುತ್ತದೆ. ನೂರಕ್ಕೆ 50 ಕೊಡುವ ಒಂದು ಮಧ್ಯಮ ಬಣ್ಣ ಅಂತ ಇಟ್ಟುಕೊಳ್ಳಿ. ನೋಡಲು ಅದೇನೂ ಗಾಢ ಅನಿಸುವುದಿಲ್ಲ. ಮೂರು ಸಲ ಪುಟಿದ ಮೇಲೆ ಏನಾಗುತ್ತದೆ ನೋಡಿ. ಬಿಳಿಯಲ್ಲಿ 100 ಇದ್ದದ್ದು 80, 64, 51 ಆಗುತ್ತದೆ. ಇನ್ನೊಂದರಲ್ಲಿ 50, 25, ಆಮೇಲೆ ಹನ್ನೆರಡೂವರೆ. ಒಂದೇ ಕಿಟಕಿ, ಒಂದೇ ಆಕಾಶ. ಕೋಣೆಯ ಹಿಂಬದಿಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಹಾಗಂತ ಎಲ್ಲವೂ ಆಸ್ಪತ್ರೆಯಂತೆ ಬಿಳಿ ಆಗಬೇಕಿಲ್ಲ. ಸೀಲಿಂಗ್ ಖಂಡಿತ ಬಿಳಿ, ಮ್ಯಾಟ್. ಕಿಟಕಿ ಇರುವ ಗೋಡೆಯೂ ಬಿಳಿ ಇರಲಿ. ಆ ಗೋಡೆಗೆ ನೇರ ಬೆಳಕು ಬೀಳುವುದೇ ಇಲ್ಲ, ಗಾಢ ಬಣ್ಣ ಹಾಕಿದರೆ ಪಕ್ಕದ ಗಾಜು ಕಣ್ಣು ಕುಕ್ಕುತ್ತದೆ. ಕಿಟಕಿಯ ಸುತ್ತ ಗೋಡೆಯ ದಪ್ಪ ಕಾಣುತ್ತದಲ್ಲ, ಆ ಒಳಬದಿಗೂ ಬಿಳಿ. ನೆಲ ತಿಳಿ ಬಣ್ಣದ್ದು, ಹೊಳಪು ಕಡಿಮೆ ಇರುವುದು. ನೆಲ ಆಗಲೇ ಗಾಢವಾಗಿದ್ದರೆ ಕಿಟಕಿ ಹತ್ತಿರದ 5 ಅಡಿಗೆ ತಿಳಿ ಬಣ್ಣದ ದೊಡ್ಡ ಚಾಪೆ ಹಾಸಿ. ಬೆಳಕು ಮೊದಲು ಬೀಳುವುದೇ ಅಲ್ಲಿ. ನಿಮಗೆ ಇಷ್ಟದ ಗಾಢ ಬಣ್ಣ ಇದ್ದರೆ ಮಂಚದ ತಲೆಗೋಡೆಗೆ, ಶೆಲ್ಫಿನ ಎತ್ತರದವರೆಗೆ ಮಾತ್ರ ಹಾಕಿ. ಅಲ್ಲಿ ಅದು ಬೆಳಕನ್ನು ಹೆಚ್ಚು ತಿನ್ನುವುದಿಲ್ಲ, ಮಲಗುವ ಜಾಗ ಬೇರೆ ಅಂತಲೂ ಅನಿಸುತ್ತದೆ.

ಬಾಡಿಗೆಮನೆ

ಗೋಡೆ ಒಡೆಯದೆ, ಬಣ್ಣ ಬದಲಿಸದೆ ಆಗುವ ಕೆಲಸವೂ ಇದೆ. ಪರದೆ!

ನಿಮ್ಮ ಕಿಟಕಿ 60 ಇಂಚು. ಪರದೆ ಕಂಬಿಯೂ 60 ಇಂಚೇ ಇದ್ದರೆ, ಪರದೆ ತೆರೆದಾಗ ಆ ಬಟ್ಟೆ ಎಲ್ಲಿಗೆ ಹೋಗಬೇಕು? ಎರಡೂ ಬದಿಯಲ್ಲಿ ನೆರಿಗೆಗಟ್ಟಿ ಗಾಜಿನ ಮೇಲೇ ನಿಲ್ಲುತ್ತದೆ. ಒಂದೊಂದು ಬದಿಗೆ 8 ಇಂಚು ಅಂದರೂ 16 ಇಂಚು ಹೋಯಿತು. ತೆರೆದ ಕಿಟಕಿಯ ಕಾಲು ಭಾಗಕ್ಕಿಂತ ಜಾಸ್ತಿ ಮುಚ್ಚೇ ಇದೆ ಅಂತಾಯಿತು. ಕಂಬಿಯನ್ನು ಎರಡೂ ಕಡೆ 10 ಇಂಚು ಮುಂದಕ್ಕೆ ಬಿಡಿ, 80 ಇಂಚು. ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ಖಾಲಿ. ಕಂಬಿ ಎತ್ತರವನ್ನೂ ಸೀಲಿಂಗ್ ಹತ್ತಿರಕ್ಕೆ ಏರಿಸಿ. ಕಿಟಕಿಯೇ ದೊಡ್ಡದಾದ ಹಾಗೆ ಕಾಣುತ್ತದೆ.

ಮೂರನೇಮಹಡಿ

ಎದುರು ಕಟ್ಟಡ ಹತ್ತಿರ ಇದ್ದರೆ? ನಮ್ಮಲ್ಲಿ ಎದುರಿನವರು ನೇರ ಒಳಗೆ ನೋಡುವಷ್ಟು ಹತ್ತಿರ. ಪರದೆ ತೆರೆಯುವ ಹಾಗೇ ಇಲ್ಲ.

ಗೆರೆಕಾಗದ

ಕೆಳಗಿನ ಅರ್ಧ ಗಾಜಿಗೆ ಮಾತ್ರ ಮಂಜು ಫಿಲ್ಮ್ ಅಂಟಿಸಿ. ಬೆಳಕು ಹರಡಿಕೊಂಡು ಒಳಗೆ ಬರುತ್ತದೆ, ಒಳಗಿನವರು ಕಾಣುವುದಿಲ್ಲ. ಮೇಲಿನ ಅರ್ಧ ತೆರೆದೇ ಇರಲಿ, ಆಕಾಶದ ಬೆಳಕು ಬರುವುದು ಅಲ್ಲಿಂದಲೇ. ಫಿಲ್ಮ್ ಇಷ್ಟ ಇಲ್ಲದಿದ್ದರೆ ಕೆಳಗಿಂದ ಮೇಲಕ್ಕೆ ಏರುವ ಬ್ಲೈಂಡ್ ಸಿಗುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಬಹುದು. ಎದುರು ಗೋಡೆ ತಿಳಿ ಬಣ್ಣದ್ದಾಗಿದ್ದರೆ ಅದರಿಂದ ಪುಟಿದು ಬರುವ ಬೆಳಕೂ ನಿಮಗೆ ಸಿಗುತ್ತದೆ.

ಒಂದೇಕಿಟಕಿ

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಧ್ಯದ ಕಪಾಟು ಬಿಟ್ಟೆ. ಮೂರು ಪ್ರಶ್ನೆ ಉಳಿದಿದೆ.

ಒಂದು, ಕಪಾಟಿನ ಶಟರ್‌ಗಳಿಗೆ ಪೂರ್ತಿ ಕನ್ನಡಿ ಹಾಕಿಸಿದರೆ ಬೆಳಕು ಎರಡು ಪಟ್ಟು ಆಗುತ್ತೆ ಅಂತಾರೆ, ನಿಜನಾ? ಎರಡು, ಬಾತ್‌ರೂಮ್ ಗೋಡೆಯ ಮೇಲ್ಭಾಗಕ್ಕೆ ಗಾಜು ಕೂರಿಸಿ ಒಳಗೆ ಹಗಲಿನ ಬೆಳಕು ಬಿಡಬಹುದಾ? ಮೂರು, ಗೋಡೆಗೆ ಮಡಚುವ ಮಂಚದ ಬಗ್ಗೆ ಏನಂತೀರಿ?

ಮಂದಬೆಳಕು

ಕನ್ನಡಿಗೆ ನಾನು ಉತ್ತರ ಕೊಡುತ್ತೇನೆ. ಕನ್ನಡಿ ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ. ತನ್ನ ಮೇಲೆ ಬಿದ್ದದ್ದನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ, ಅಷ್ಟೇ. ಹಾಗಾಗಿ ಯಾವ ದಿಕ್ಕಿಗೆ ಅನ್ನುವುದು ಮುಖ್ಯ.

ಕಿಟಕಿಗೆ ನೇರ ಎದುರು ಇಟ್ಟರೆ ಬೆಳಕನ್ನು ಕಿಟಕಿ ಕಡೆಗೇ ವಾಪಸ್ ಕಳಿಸುತ್ತದೆ. ಆಚೆ ಇನ್ನೊಂದು ಕಿಟಕಿ ಇದ್ದಂತೆ ಕಾಣುತ್ತದೆ, ಕೋಣೆ ಉದ್ದ ಅನಿಸುತ್ತದೆ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಬೆಳಕು 14 ಅಡಿ ದಾಟಿ ಸೋತಿರುತ್ತದೆ. ಕಿಟಕಿ ಹತ್ತಿರ, ಪಕ್ಕದ ಗೋಡೆಗೆ ಹಾಕಿ ನೋಡಿ. ಅಲ್ಲಿ ಬೆಳಕು ಜೋರಾಗಿದೆ. ಓರೆಯಾಗಿ ಬಂದದ್ದು ಓರೆಯಾಗಿಯೇ ಮುಂದಕ್ಕೆ, ಕೋಣೆಯ ಒಳಕ್ಕೆ ಹೋಗುತ್ತದೆ. ಬೆಂಚಿನ ಮೇಲೆ, ಎಡಗೋಡೆಯಲ್ಲಿ, ಕಿಟಕಿಯಿಂದ ಒಂದಡಿ ಬಿಟ್ಟು 2 ಅಡಿ ಅಗಲದ ಒಂದು ಉದ್ದ ಕನ್ನಡಿ ಸಾಕು. ಕಪಾಟಿನ ನಾಲ್ಕು ಶಟರ್‌ನಲ್ಲಿ ಒಂದಕ್ಕೆ ಹಾಕಿಸಿ, ಬಟ್ಟೆ ಹಾಕಿಕೊಳ್ಳುವಾಗ ಬೇಕಲ್ಲ. ಉಳಿದ ಮೂರು ಬಿಳಿ ಇರಲಿ. ಬಿಳಿ ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಹರಡುತ್ತದೆ, ಕಣ್ಣಿಗೆ ಹಿತ.

ಕನ್ನಡಿ ಹಾಕುವ ಮೊದಲು ಅದು ಏನನ್ನು ತೋರಿಸುತ್ತದೆ ನೋಡಿಕೊಳ್ಳಿ. ಅಡುಗೆಕಟ್ಟೆಯ ಪಾತ್ರೆ ರಾಶಿಯನ್ನು ಎರಡು ಮಾಡಿ ತೋರಿಸಿದರೆ ಏನು ಬಂತು?

ಗೆರೆಕಾಗದ

ಬಾತ್‌ರೂಮ್ ಗಾಜಿನ ಆಸೆ ಅರ್ಥವಾಗುತ್ತದೆ. ಎಷ್ಟೋ ಮನೆಯಲ್ಲಿ ನಾನೇ ಅದನ್ನು ಮಾಡಿಸಿದ್ದೇನೆ. ನಿಮ್ಮಲ್ಲಿ ಮಾತ್ರ ಬೇಡ. ಬಾತ್‌ರೂಮ್ ಶುರುವಾಗುವುದೇ ಕಿಟಕಿಯಿಂದ 16 ಅಡಿಗೆ. ಕಿಟಕಿ ಕಡೆಯ ಗೋಡೆಯನ್ನು ಕಪಾಟು ಮುಚ್ಚುತ್ತದೆ. ಓಡಾಡುವ ಕಡೆಯ ಗೋಡೆಗೆ ಗಾಜು ಹಾಕಿದರೆ ಒಳಗೆ ಬರುವುದು ಆ ಹಾದಿಯ ಮಬ್ಬು ಬೆಳಕು ಮಾತ್ರ. ಅದರ ಬದಲು ಆ ಎತ್ತರವನ್ನು ಸಾಮಾನಿಗೆ ಬಳಸಿ. ಬಾತ್‌ರೂಮ್ ಸೀಲಿಂಗನ್ನು 7 ಅಡಿಗೆ ಇಳಿಸಿದರೆ ಮೇಲೆ ಎರಡು ಅಡಿಗಿಂತ ಜಾಸ್ತಿ ಎತ್ತರದ ಅಟ್ಟ ಸಿಗುತ್ತದೆ. 8 ಅಡಿ ಉದ್ದಕ್ಕೆ! ಶಟರ್ ಅಡುಗೆಕಟ್ಟೆ ಕಡೆಗೆ ತೆರೆಯಲಿ. ಮನೆಯ ಕತ್ತಲೆಯ ಮೂಲೆ ಸಾಮಾನಿಗೆ, ಬೆಳಕಿನ ಮೂಲೆ ಮನುಷ್ಯರಿಗೆ.

ಫ್ರಿಜ್ ಬಾಗಿಲ ಕಡೆಯ ತುದಿಗೆ ಇಡಿ, ಕೋಣೆಯ ಕಡೆಗೆ ಬೇಡ. ಅದೇ ಎತ್ತರದ ನಿಯಮ.

ಮರದಧೂಳು

ಅಟ್ಟ ಮಾಡುವಾಗ ಒಂದು ಬೇಡಿಕೆ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಗಾಳಿ ಕೊಳವೆ, ಪೈಪಿನ ವಾಲ್ವ್ ಎಲ್ಲ ಆ ಅಟ್ಟದೊಳಗೆ ಹೋಗುತ್ತದೆ. ಅವು ಕೈಗೆ ಸಿಗುವಂತೆ ಸ್ಕ್ರೂ ಬಿಚ್ಚಿ ತೆಗೆಯುವ ಹಲಗೆ ಇಡಿಸಿ. ಅಡುಗೆಕಟ್ಟೆಯ ಕೆಳಗಿನ ಕಪಾಟಿಗೂ ಹಾಗೇ ಬೆನ್ನು ಹಲಗೆ ಬಿಚ್ಚುವಂತಿರಲಿ. ಸಣ್ಣ ಮನೆಯಲ್ಲಿ ಎಲ್ಲವನ್ನೂ ಗೋಡೆಗೆ ಸೇರಿಸಿ ಕಟ್ಟುತ್ತೇವೆ, ಸೋರಿಕೆ ಬಂದ ದಿನ ಎಲ್ಲ ಒಡೆಯಬೇಕು.

ಗೆರೆಕಾಗದ

ಇದು ತುಂಬಾ ಸರಿಯಾದ ಮಾತು. ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ ನೆನಪಾಯಿತು. ಕಿಶೋ ಕುರೊಕಾವಾ ವಿನ್ಯಾಸ ಮಾಡಿದ್ದು, 1972ರದ್ದು. 140 ಕ್ಯಾಪ್ಸೂಲ್‌ಗಳು, ಅಂದರೆ ಬಿಚ್ಚಿ ಬದಲಿಸಬಹುದಾದ ಪುಟ್ಟ ಕೋಣೆಗಳು, ಒಂದೊಂದು ಸುಮಾರು ಎರಡೂವರೆ ಮೀಟರ್ ಅಗಲ, 4 ಮೀಟರ್ ಉದ್ದ. ಮಂಚ, ಮೇಜು, ಬಾತ್‌ರೂಮ್ ಎಲ್ಲ ಒಳಗೇ ಕೂಡಿಸಿದ್ದು. ಒಂದು ದೊಡ್ಡ ದುಂಡು ಕಿಟಕಿ. ಸುಮಾರು 25 ವರ್ಷಕ್ಕೊಮ್ಮೆ ಕ್ಯಾಪ್ಸೂಲ್ ಬದಲಿಸುವ ಲೆಕ್ಕಾಚಾರ ಇತ್ತು, ಅದು ಒಮ್ಮೆಯೂ ಆಗಲಿಲ್ಲ. ಪೈಪುಗಳು ಹಾಳಾದವು, ರಿಪೇರಿ ಕಷ್ಟವಾಯಿತು, 2022ರಲ್ಲಿ ಬಿಚ್ಚಿ ಕೆಡವಿದರು. ಅಷ್ಟು ಜಾಣತನದ ಕೋಣೆಗೂ ರಿಪೇರಿಗೆ ಕೈ ಹಾಕಲು ಜಾಗ ಬೇಕಿತ್ತು.

ಎತ್ತರ, ಆಳ, ಕೈ ಅಳತೆ ಎಲ್ಲ ಲೆಕ್ಕ ಹಾಕಿ ಮಾಡಿದ್ದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ಫ್ರಾಂಕ್‌ಫರ್ಟ್ ಅಡುಗೆಮನೆ. ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ 1926ರಲ್ಲಿ ರೂಪಿಸಿದ್ದು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ ಅಷ್ಟೇ. ಸುಮಾರು 10,000 ಮನೆಗಳಿಗೆ ಹಾಕಿದರು. ಕೆಲಸ ಮಾಡುವ ಹಲಗೆಯನ್ನು ಕಿಟಕಿಯ ಕೆಳಗೇ ಇಟ್ಟಿದ್ದರು, ಇಸ್ತ್ರಿ ಹಲಗೆ ಗೋಡೆಗೆ ಮಡಚುವಂಥದ್ದು. ಕೈ ಕೆಲಸ ಮಾಡುವ ಜಾಗಕ್ಕೆ ಬೆಳಕು ಮೊದಲು ಸಿಗಬೇಕು ಅಂತ ಆಕೆ ಯೋಚಿಸಿದ್ದು ನೋಡಿದರೆ ಈಗಲೂ ಗೌರವ ಬರುತ್ತದೆ.

ಮರದಧೂಳು

ಮಡಚುವ ಮಂಚಕ್ಕೆ ಉತ್ತರ. ಗಟ್ಟಿ ಗೋಡೆಗೇ ಆಂಕರ್ ಬೋಲ್ಟ್ ಹಾಕಬೇಕು. ಜಿಪ್ಸಂ ಹಲಗೆಯ ಗೋಡೆಗೆ ಒಳಗೆ ಆಧಾರ ಕೊಡದೆ ಎಂದೂ ಬೇಡ. ಮಡಚಿದಾಗ ಒಂದೂವರೆ ಅಡಿ ಆಳದ ಕಪಾಟಿನಂತೆ ನಿಲ್ಲುತ್ತದೆ, ಹಗಲಲ್ಲಿ ಮಂಚದ 32 ಚದರ ಅಡಿಯಲ್ಲಿ ಬಹುಪಾಲು ವಾಪಸ್ ಸಿಗುತ್ತದೆ. ಆದರೆ ದಿನಾ ಬೆಳಗ್ಗೆ ದಿಂಬು ತೆಗೆದು, ಪಟ್ಟಿ ಕಟ್ಟಿ, ಎತ್ತಬೇಕು. ಒಬ್ಬರೇ ಇರುವ ಮನೆಗೆ ಒಳ್ಳೆಯದು.

ಇಬ್ಬರುಒಂದುಕೋಣೆ

ಒಬ್ಬರು ಮಲಗಿರುವಾಗ ಇನ್ನೊಬ್ಬರು ಎದ್ದಿರುವ ಮನೆಗೆ ಮಡಚುವ ಮಂಚ ಬೇಡವೇ ಬೇಡ. ಆ ಜಾಗ ವಾಪಸ್ ಸಿಗುವುದು ಇಬ್ಬರೂ ಎದ್ದ ಮೇಲೆ ಮಾತ್ರ.

ಯಾವುದೇ ತೀರ್ಮಾನಕ್ಕೆ ಮೊದಲು ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಇಡೀ ಪ್ಲ್ಯಾನ್ ಬರೆಯಿರಿ. ಮಂಚ, ಶೆಲ್ಫ್, ಬೆಂಚು, ಮೇಜು. ಶಟರ್ ತೆರೆಯುವ ಕಮಾನೂ ಬರೆಯಿರಿ. ಆಮೇಲೆ ಇಬ್ಬರೂ ಅದರೊಳಗೆ ಓಡಾಡಿ. ರಾತ್ರಿ ಬಾತ್‌ರೂಮಿಗೆ ಹೋಗುವ ಹಾದಿ, ಬಟ್ಟೆ ಮಡಚುವುದು, ಕುರ್ಚಿ ಹಿಂದಕ್ಕೆ ತಳ್ಳಿ ಏಳುವುದು.

ಒಂದೇಕಿಟಕಿ

ಟೇಪ್ ಹಾಕಿ ನೋಡಿದೆವು. ತುಂಬಾ ವಿಷಯ ಗೊತ್ತಾಯಿತು!

ಕಪಾಟಿನ ಮುಂದಿನ 3 ಅಡಿ ಸರಿಯಾಗಿದೆ. ಅಡುಗೆಕಟ್ಟೆ ಮುಂದೆ ನಾಲ್ಕೂವರೆ ಅಡಿ ಇದೆ, ಇಬ್ಬರು ಆರಾಮಾಗಿ ನಿಲ್ಲಬಹುದು. ಕಿಟಕಿ ಕೆಳಗೆ 20 ಇಂಚು ಆಳದ ಬೆಂಚು ಬರೆದೆವು. ಅದಕ್ಕೂ ಶೆಲ್ಫಿಗೂ ನಡುವೆ 40 ಇಂಚು ಉಳಿಯಿತು. ಮಡಚುವ ಮೇಜು 24 ಇಂಚು ಅಂದರೆ ಬೆಂಚಿನವರು ಊಟ ಮಾಡುವಾಗ 16 ಇಂಚಿನಲ್ಲಿ ಕಾಲು ತೂರಿಸಬೇಕು, ಕಷ್ಟ. 18 ಇಂಚಿಗೆ ಇಳಿಸಿದರೆ ಸರಿಹೋಯಿತು.

ಶೆಲ್ಫ್ ಪಕ್ಕ ಮಲಗುವವರು ಕಾಲ ಕಡೆಯಿಂದ ಏಳಬೇಕು. ಅಲ್ಲಿ ಐದೂವರೆ ಅಡಿ ಇರುವುದರಿಂದ ತೊಂದರೆ ಇಲ್ಲ ಅನಿಸಿತು. ಬೇಗ ಏಳುವವರಿಗೆ ಕಪಾಟಿನ ಬದಿ ಅಂತ ಮಾತಾಯಿತು.

ಕೆಲಸದ ಮೇಜಿನದ್ದೇ ಗೊಂದಲ. ಕಿಟಕಿಗೆ ಮುಖ ಮಾಡಿ ಕೂರಬೇಕಾ, ಬೆನ್ನು ಮಾಡಿ ಕೂರಬೇಕಾ?

ಗೆರೆಕಾಗದ

ಎರಡೂ ಬೇಡ. ಮುಖ ಮಾಡಿದರೆ ಕಂಪ್ಯೂಟರ್ ಪರದೆಯ ಹಿಂದೆ ಆಕಾಶ ಹೊಳೆಯುತ್ತದೆ, ಕಣ್ಣು ದಣಿಯುತ್ತದೆ. ಬೆನ್ನು ಮಾಡಿದರೆ ಕಿಟಕಿಯೇ ಕಂಪ್ಯೂಟರ್ ಪರದೆಯಲ್ಲಿ ಪ್ರತಿಬಿಂಬಿಸುತ್ತದೆ. ಬಲಗೋಡೆಗೆ ಮುಖ ಮಾಡಿ ಕೂರಿ, ಕಿಟಕಿ ನಿಮ್ಮ ಎಡಕ್ಕೆ ಬರುತ್ತದೆ. ಬಲಗೈಯಲ್ಲಿ ಬರೆಯುವವರಾದರೆ ಕೈಯ ನೆರಳೂ ಹಾಳೆಯ ಮೇಲೆ ಬೀಳುವುದಿಲ್ಲ. 2 ಅಡಿ ಆಳ, ನಾಲ್ಕೂವರೆ ಅಡಿ ಉದ್ದದ ಮೇಜು. ಬೆಂಚನ್ನು ಎಡಗೋಡೆಯಿಂದ ಶುರುಮಾಡಿ 6 ಅಡಿಗೆ ನಿಲ್ಲಿಸಿ, ಕುರ್ಚಿಗೆ ಜಾಗ ಬಿಡಿ. ಮೇಜಿನ ಮೇಲೆ ಗೋಡೆಗೆ ಶೆಲ್ಫ್ ಹಾಕುವುದಾದರೆ ಕಿಟಕಿಯಿಂದ ಕನಿಷ್ಠ ಎರಡು ಅಡಿ ಆಚೆಗೆ.

ಮಂಚದ ಕಾಲಿನ ಎದುರು, ಬಲಗೋಡೆ ಪೂರ್ತಿ ಖಾಲಿ ಉಳಿಯುತ್ತದೆ. ಅಲ್ಲಿ ಏನಾದರೂ ತುಂಬಿಸುವ ಮನಸ್ಸಾಗುತ್ತದೆ. ತುಂಬಿಸಬೇಡಿ. ಬಾಗಿಲು ತೆರೆದಾಗ ಕಣ್ಣು ನೇರ ಕಿಟಕಿವರೆಗೆ ಓಡುವ ಹಾದಿ ಅದು. 24 ಅಡಿ ಉದ್ದದ ನೋಟ ಇಷ್ಟು ಸಣ್ಣ ಮನೆಯಲ್ಲಿ ಸಿಗುವುದು ದೊಡ್ಡ ಭಾಗ್ಯ.

ಮೂರನೇಮಹಡಿ

ಗಾಳಿ? ಒಂದೇ ಕಡೆ ಕಿಟಕಿ ಅಲ್ವಾ?

ಮಂದಬೆಳಕು

ಹೌದು, ಅದನ್ನು ಬಿಡಬಾರದು. ಗಾಳಿ ಒಳಗೆ ಬರಬೇಕಾದರೆ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಬಾತ್‌ರೂಮಿನ ಎಕ್ಸಾಸ್ಟ್ ಮತ್ತು ಒಲೆಯ ಮೇಲಿನ ಚಿಮಣಿ ಎರಡೂ ಕಿಟಕಿಯ ಎದುರು ತುದಿಯಲ್ಲೇ ಇವೆ, ಒಳ್ಳೆಯದಾಯಿತು. ಕಿಟಕಿ ಸ್ವಲ್ಪ ತೆರೆದು ಎಕ್ಸಾಸ್ಟ್ ಹಾಕಿದರೆ ಗಾಳಿ ಇಡೀ ಮನೆ ದಾಟಿ ಹೋಗುತ್ತದೆ. ಬಾತ್‌ರೂಮ್ ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಇರಲಿ, ಇಲ್ಲದಿದ್ದರೆ ಬಾಗಿಲು ಮುಚ್ಚಿದಾಗ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ.

ಇನ್ನು ದೀಪ. ನಿಮ್ಮ ಮನೆ ಸುಮಾರು 27 ಚದರ ಮೀಟರ್. ಸಾಮಾನ್ಯ ಓಡಾಟಕ್ಕೆ 150 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ) ಅಂತ ಇಟ್ಟುಕೊಂಡರೆ ಸುಮಾರು 4,000 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ) ತಲುಪಬೇಕು. ಗೋಡೆ, ಶೇಡು ಎಲ್ಲ ಸ್ವಲ್ಪ ನುಂಗುತ್ತವೆ, 5,000ದಿಂದ 6,000ದವರೆಗೆ ಹಾಕಿ. ಆದರೆ ಅದನ್ನೆಲ್ಲ ಸೀಲಿಂಗ್ ಮಧ್ಯದ ಒಂದೇ ದೀಪಕ್ಕೆ ಕೊಡಬೇಡಿ. ಮಧ್ಯದಲ್ಲಿ ಒಂದೇ ದೀಪ ಇದ್ದರೆ ಮೂಲೆಗಳು ಕತ್ತಲಾಗಿ ಕೋಣೆ ಕುಗ್ಗಿದಂತೆ ಕಾಣುತ್ತದೆ. 800 ಲ್ಯೂಮೆನ್ ಆಸುಪಾಸಿನ ಆರೇಳು ದೀಪ ಮಾಡಿ, ಬೇರೆ ಬೇರೆ ಸ್ವಿಚ್ಚಿಗೆ. ಒಂದೆರಡು ದೀಪ ಬಲಗೋಡೆಯನ್ನೇ ಬೆಳಗಲಿ. ಗೋಡೆ ಬೆಳಗಿದಾಗ ಅದು ದೂರ ಸರಿದ ಹಾಗೆ ಅನಿಸುತ್ತದೆ.

ಕೆಲಸದ ಮೇಜಿಗೆ 300ರಿಂದ 500 ಲಕ್ಸ್ ಬೇಕು, ಅದಕ್ಕೆ ಬೇರೆಯೇ ಮೇಜು ದೀಪ. ಅಡುಗೆಕಟ್ಟೆಗೆ ಮೇಲಿನ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ. ಪಟ್ಟಿಯನ್ನು ಕಪಾಟಿನ ಮುಂದಿನ ಅಂಚಿನ ಹತ್ತಿರ ಅಂಟಿಸಿ. ಗೋಡೆ ಹತ್ತಿರ ಅಂಟಿಸಿದರೆ ಗೋಡೆ ಹೊಳೆಯುತ್ತದೆ, ಹೆಚ್ಚುವ ಮಣೆ ಮಬ್ಬಾಗೇ ಇರುತ್ತದೆ. ಮೇಲೆ ಹಾಲುಬಿಳುಪಿನ ಕವರ್ ಇರುವ ಅಲ್ಯೂಮಿನಿಯಂ ಚಾನಲ್ ಹಾಕಿಸಿ, ಚುಕ್ಕಿ ಚುಕ್ಕಿ ಕಾಣುವುದಿಲ್ಲ. ಬಣ್ಣ ಚೆನ್ನಾಗಿ ಕಾಣಲು ಸಿಆರ್‌ಐ (ದೀಪದಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90 ಅಥವಾ ಜಾಸ್ತಿ ಇರುವ ದೀಪ ಕೇಳಿ. ಅಡುಗೆಗೆ 4,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ), ಮಂಚ ಮತ್ತು ಬೆಂಚಿನ ಕಡೆ 2,700ರಿಂದ 3,000.

ಒಂದೇಕಿಟಕಿ

ಹಾಗಾದರೆ ಎಲೆಕ್ಟ್ರಿಷಿಯನ್ ಮೊದಲು ಬರಬೇಕಾ, ಮರಗೆಲಸದವರು ಮೊದಲಾ?

ಮರದಧೂಳು

ಟೇಪ್ ಪ್ಲ್ಯಾನ್ ನೆಲದ ಮೇಲೆ ಇದೆಯಲ್ಲ, ಅದನ್ನು ತೆಗೆಯಬೇಡಿ. ಎಲೆಕ್ಟ್ರಿಷಿಯನ್ ಮತ್ತು ನಿಮ್ಮ ಬಡಗಿ ಇಬ್ಬರನ್ನೂ ಒಂದೇ ದಿನ ಕರೆದು ಅದರ ಮೇಲೆ ನಿಲ್ಲಿಸಿ. ಪಾಯಿಂಟ್ ಎಲ್ಲಿ ಅಂತ ಗೋಡೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ. ಮಂಚದ ತಲೆಗೋಡೆಗೆ ಎರಡು ಪಾಯಿಂಟ್ ಮತ್ತು ಬಾಗಿಲ ದೀಪಕ್ಕೆ ಟೂ-ವೇ ಸ್ವಿಚ್ (ಎರಡು ಕಡೆಯಿಂದಲೂ ಹಾಕಿ ಆರಿಸುವಂಥದ್ದು). ಮೇಜಿನ ಹಲಗೆಗಿಂತ 6 ಇಂಚು ಮೇಲೆ ನಾಲ್ಕು ಪ್ಲಗ್. ಶೆಲ್ಫಿನ ಕಿಟಕಿ ಕಡೆಯ ಮುಖಕ್ಕೆ ಒಂದು, ಅದಕ್ಕೆ ವೈರ್ ನೆಲದಿಂದಲೋ ಎಡಗೋಡೆಯಿಂದಲೋ ಅಂತ ಅಲ್ಲೇ ತೀರ್ಮಾನಿಸಿ. ಆಮೇಲೆ ವೈರಿಂಗ್, ಬಣ್ಣದ ಮೊದಲ ಕೋಟು, ಮರಗೆಲಸ, ಕೊನೆಯ ಕೋಟು, ಈ ಸಾಲಿನಲ್ಲಿ ನಡೆಯಲಿ. ಬೀಮ್ ಅಥವಾ ಕಂಬಕ್ಕೆ ಯಾರೂ ಡ್ರಿಲ್ ಇಟ್ಟು ಕೊರೆಯದಂತೆ ಅವತ್ತೇ ಹೇಳಿಬಿಡಿ.

ಬೆಂಚಿನ ಎತ್ತರ ಗಾದಿ ಸೇರಿ 17 ಇಂಚು ಅಂತ ಬರೆದುಕೊಡಿ. ಗಾದಿ ಬಿಟ್ಟು 17 ಮಾಡಿಬಿಟ್ಟರೆ ಕಾಲು ನೆಲಕ್ಕೆ ತಾಗುವುದಿಲ್ಲ.